ಎಡಗಡೆಯ ಪಿನ್ನು

ಮದುವೆಯಾಗಿ ಪುಲಿಕೇಶಿನಗರದ, ಹಳಬರ ಬಾಯಲ್ಲಿ ಫ್ರೇಜರ್ ಟೌನಿನ, ಆ ಮನೆಗೆ ಬಂದ ದಿನದಿಂದಲೂ ಮಾವನಿಗೆ ನನ್ನ ಮಾತು ಹಿಡಿಸಲಿಲ್ಲ. ನಾನು ಕಲಬುರಗಿ ಕಡೆಯವಳು. ಬೆಳಿಗ್ಗೆ "ಹೊಂಟೀನ್ರಿ" ಎಂದು ಆಫೀಸಿಗೆ ಹೊರಟರೆ, ಬಂದುಹೋಗುವವರ ಮುಂದೆ ಅದನ್ನೇ ಅಣಕಿಸಿ ತೋರಿಸುತ್ತಿದ್ದರು. ನಾನೂ ಸುಮ್ಮನಿರುವವಳಲ್ಲ. ಅವರ ಕಾಫಿಗೆ ಸಕ್ಕರೆ ಹಾಕುವುದನ್ನು ಬೇಕೆಂದೇ ಮರೆತಿದ್ದೇನೆ.

ಮಾವ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಇಂಗ್ಲೆಂಡಿನಲ್ಲಿ ತಯಾರಾದ ಹಳೆಯ ಸೈಕಲ್ಲೊಂದು ಅವರ ಬಳಿ ಇತ್ತು. ಊರು ಬಿಟ್ಟು ಹೊರಟಿದ್ದ ಆಂಗ್ಲೋ-ಇಂಡಿಯನ್ ಕುಟುಂಬವೊಂದರಿಂದ ಕೊಂಡದ್ದು. ಮಂಡಿನೋವು ಬಂದ ಮೇಲೆ ತುಳಿಯುವುದನ್ನು ಬಿಟ್ಟಿದ್ದರು. ದಿನಾ ಒರೆಸಿ ವರಾಂಡದಲ್ಲಿ ನಿಲ್ಲಿಸುತ್ತಿದ್ದರು. "ಇದರಲ್ಲಿ ಒಂದು ಸ್ಕ್ರೂ ಕೂಡ ಇಂಡಿಯಾದ್ದಲ್ಲ" ಎನ್ನುವುದನ್ನು ಕೇಳದೆ ಆ ಮನೆಯಿಂದ ಯಾರೂ ಹೊರಗೆ ಹೋದದ್ದಿಲ್ಲ.

ಕಳೆದ ವರ್ಷ, ಹಲಸೂರಿನ ಮೆಟ್ರೋ ನಿಲ್ದಾಣದವರೆಗೆ ಆ ಸೈಕಲ್ಲಿನಲ್ಲೇ ಹೋಗಿಬರೋಣ ಎಂದು ನನಗನ್ನಿಸಿತು. ಮಾವನನ್ನು ಕೇಳಲಿಲ್ಲ, ಗಂಡನನ್ನು ಕೇಳಿದೆ. "ತಗೊಂಡ್ಹೋಗು, ಅಪ್ಪಂಗೆ ನಾನ್ ಹೇಳ್ತೀನಿ" ಎಂದ. ಹೇಳಲಿಲ್ಲ. ಎಡ ಪೆಡಲು ಸಡಿಲವಾಗಿ ಟಕ್ ಟಕ್ ಎನ್ನುತ್ತಿದ್ದುದರಿಂದ ಇಂದಿರಾನಗರದ ಗಾಜಿನ ಬಾಗಿಲಿನ ಅಂಗಡಿಯೊಂದಕ್ಕೆ ಸರ್ವೀಸಿಗೆ ಕೊಟ್ಟೆ. ಹಿಂದಕ್ಕೆ ತಂದು ನಿಲ್ಲಿಸಿದ ಸಂಜೆಯೇ ಮಾವ ವರಾಂಡದಿಂದ ಕೂಗಿದರು.

"ಯಾರು ಮುಟ್ಟಿದ್ದು ಇದನ್ನ?"

"ನಾನ್ರೀ ಮಾವ. ಸರ್ವೀಸಿಗಿ ಕೊಟ್ಟಿದ್ದೆ."

"ಕಣ್ಣಿದ್ರೆ ನೋಡು. ಒಂದು ಕಾಲು ಈ ಕಡೆ, ಒಂದು ಕಾಲು ಆ ಕಡೆ."

ನೋಡಿದೆ. ಎರಡು ಪೆಡಲುಗಳೂ ಒಂದೇ ಗೆರೆಯಲ್ಲಿ ನಿಲ್ಲಬೇಕು. ಎಡಗಡೆಯದು ಕುಂಟನ ಕಾಲಿನಂತೆ ಓರೆಯಾಗಿತ್ತು. ಪೆಡಲಿನ ತೋಳನ್ನು ನಡುವಿನ ಅಚ್ಚಿಗೆ ಬಿಗಿಯುವ ಕಿರುಬೆರಳಿನಷ್ಟು ಉಕ್ಕಿನ ಪಿನ್ನೊಂದು ಇರುತ್ತದೆ. ಅದರ ಒಂದು ಮೈಯನ್ನು ಇಳಿಜಾರಾಗಿ ಸವೆಸಿರುತ್ತಾರೆ. ಅಂಗಡಿಯವರು ಹಳೆಯದನ್ನು ತೆಗೆದು ಹೊಸದನ್ನು ತುರುಕಿದ್ದರು. ಇಳಿಜಾರು ಕೂದಲೆಳೆಯಷ್ಟು ಬೇರೆಯಾದರೂ ಪೆಡಲು ಓರೆಯಾಗುತ್ತದೆ ಎಂಬುದು ನನಗೆ ಗೊತ್ತಾದದ್ದು ಅವತ್ತೇ.

ಮಾವ ನನ್ನ ಕಡೆ ತಿರುಗದೆ ಮಗನಿಗೆ ಹೇಳಿದರು: "ಎತ್ತಿನ ಗಾಡಿ ನೋಡಿ ಬೆಳೆದವ್ರ ಕೈಗೆ ಸೈಕಲ್ ಕೊಟ್ರೆ ಹಿಂಗೇ ಆಗೋದು." ಗಂಡ ಫೋನಿನಿಂದ ತಲೆ ಎತ್ತಲಿಲ್ಲ.

ಮಾರನೆಯ ದಿನ ಇಂದಿರಾನಗರಕ್ಕೆ ಹೋಗಿ ಹಳೆಯ ಪಿನ್ನು ಕೊಡಿ ಎಂದು ಜಗಳವಾಡಿದೆ. ಕೌಂಟರಿನವನು, "ಮೇಡಂ, ಅದು ಸ್ಕ್ರ್ಯಾಪ್, ಎಸೆದ್ಬಿಟ್ವಿ. ಆ ಸೈಜ್ ಈಗ ಬರಲ್ಲ" ಎಂದು ನಗುತ್ತಲೇ ಹೇಳಿದ. ಆ ನಗು ನನ್ನ ಮೈ ಉರಿಸಿತು. ಶನಿವಾರ ಸೈಕಲ್ಲನ್ನು ತಳ್ಳಿಕೊಂಡು ಶಿವಾಜಿನಗರಕ್ಕೆ ಹೋದೆ. ನಾಲ್ಕು ಅಂಗಡಿಗಳಲ್ಲಿ ಅದೇ ಹೊಸ ಪಿನ್ನು ತೋರಿಸಿದರು. ಐದನೆಯವನು, ಸಂದಿಯ ಕೊನೆಯಲ್ಲಿ ಬರೀ ನಟ್ಟು ಬೋಲ್ಟಿನ ಡಬ್ಬಿಗಳ ನಡುವೆ ಕುಳಿತಿದ್ದ ಮುದುಕರೊಬ್ಬರನ್ನು ತೋರಿಸಿದ.

ಆ ಮುದುಕರು ನನ್ನನ್ನು ನೋಡಲಿಲ್ಲ, ಸೈಕಲ್ಲನ್ನು ನೋಡಿದರು. ಬಗ್ಗಿ ಬಲಗಡೆಯ ಪಿನ್ನನ್ನು ಉಗುರಿನಿಂದ ಕೆರೆದರು.

"ಫ್ರೇಜರ್ ಟೌನ್ ಫಿಟ್ಟರ್ದು ಅಲ್ವಾ ಇದು? ತಗೊಂಡ್ಹೋಗಮ್ಮ. ಆ ಮನುಷ್ಯನ ಕೆಲಸ ನಾನ್ ಮಾಡಲ್ಲ."

"ಯಾಕ್ರೀ?"

"ಈ ಪಿನ್ ಇಂಗ್ಲೆಂಡ್ದಲ್ಲ, ನನ್ದು. ಇಪ್ಪತ್ತು ವರ್ಷ ಆಯ್ತು. ಒರಿಜಿನಲ್ ಸವೆದಿತ್ತು. ಅವ್ನೇ ಮೊದ್ಲು ಅರ ಹಾಕಿ ಉಜ್ಜಿ ಎರಡು ಪಿನ್ ಮಾಡ್ದ, ಎರಡೂ ಕೆಟ್ಟೋಯ್ತು. ಆಮೇಲೆ ನನ್ನ ಹತ್ರ ಬಂದ. ನಾನು ಜೋಡಿ ಮಾಡಿ ಕೂರಿಸ್ದೆ. ಮಾರನೇ ದಿನ ಬಂದು, ನನ್ನ ಒರಿಜಿನಲ್ ಕದ್ದೆ ನೀನು ಅಂತ ಇಡೀ ಗಲ್ಲಿ ಮುಂದೆ ಕೂಗಾಡ್ದ. ಸವೆದಿದ್ದನ್ನ ಅವ್ನ ಜೇಬಿಗೇ ಹಾಕಿ ಕಳಿಸಿದ್ದೆ ನಾನು."

ನಾನು ಅಲ್ಲೇ ನಿಂತೆ. "ಇದು ಅವರ ಕೆಲಸ ಅಲ್ರೀ" ಎಂದೆ. "ನನ್ನ ಕೆಲಸ. ನನಗೂ ಅವರ ಮ್ಯಾಲೆ ಸಿಟ್ಟದ."

ಅವರು ಒಂದು ಸ್ಟೂಲನ್ನು ಕಾಲಿನಿಂದ ನನ್ನ ಕಡೆ ನೂಕಿದರು. ಉಕ್ಕಿನ ತುಂಡೊಂದನ್ನು ಬಿಗಿದು ಅರದಿಂದ ಉಜ್ಜತೊಡಗಿದರು. ನಾಲ್ಕು ಸಲ ಹಾಕಿ ನೋಡಿ, ನಾಲ್ಕು ಸಲ ತೆಗೆದು ಉಜ್ಜಿದರು. ಐದನೆಯ ಸಲ ಸುತ್ತಿಗೆಯಿಂದ ಹೊಡೆದು ಕೂರಿಸಿದಾಗ ಪೆಡಲುಗಳು ಒಂದೇ ಗೆರೆಗೆ ಬಂದವು. "ಯಾರು ಮಾಡಿದ್ದು ಅಂತ ಅವ್ನಿಗೆ ಹೇಳ್ಬೇಕು ನೀನು" ಎಂದರು.

ಹೇಳಿದೆ. ಆದರೆ ಹೇಗೆ ಹೇಳಿದೆ ಎಂಬುದನ್ನೂ ಬರೆಯಬೇಕು. ಅವತ್ತು ಸಂಜೆ ಮಾವ ಪೆಡಲು ತಿರುಗಿಸಿ ನೋಡಿ, "ನೋಡು, ಇದು ಇಂಗ್ಲಿಷ್ ಉಕ್ಕು. ಎಲ್ಲಿ ಸಿಕ್ತು?" ಎಂದು ಕೇಳುವವರೆಗೆ ಕಾದೆ. ಗಂಡ, ಅತ್ತೆ, ಪಕ್ಕದ ಮನೆಯವರು ಎಲ್ಲರೂ ಇದ್ದರು.

"ಶಿವಾಜಿನಗರದಾಗ್ರಿ. ನೀವು ಕಳ್ಳ ಅಂದಿದ್ರಲ್ಲ, ಅವರೇ ಮಾಡ್ಯಾರ. ಆ ಕಡೀದೂ ಅವರದೇ. ನೀವು ಅರ ಹಾಕಿ ಕೆಡಿಸಿದ್ದು ಅವರಿಗಿನ್ನಾ ನೆನಪದ."

ಮಾವನ ಮುಖ ಕಪ್ಪಿಟ್ಟಿತು. ನನಗೆ ಆ ಕ್ಷಣ ಸಂತೋಷವೇ ಆಯಿತು.

ಮರುದಿನ ಭಾನುವಾರ ಗೇಟಿನ ಬಳಿ ಗುಜರಿಯವನ ಗಾಡಿ ನಿಂತಿತ್ತು. ಮಾವ ಸೈಕಲ್ಲನ್ನು ಹೊರಗೆ ತಳ್ಳುತ್ತಿದ್ದರು. ನಾನು ಓಡಿಹೋಗಿ ಹ್ಯಾಂಡಲ್ ಹಿಡಿದೆ.

"ಇದು ನನ್ನ ಸೈಕಲ್ಲು" ಎಂದರು.

"ಸೈಕಲ್ ನಿಮ್ದು. ಆ ಪಿನ್ ನಾ ತಂದದ್ದು. ಬಿಚ್ಚಿ ಕೊಟ್ಟು, ಆಮ್ಯಾಲ ಮಾರ್ರಿ."

ಅವರು ಒಳಗೆ ಹೋಗಿ ಸುತ್ತಿಗೆ ತಂದರು. ನಟ್ಟು ಬಿಚ್ಚಿ, ಪಿನ್ನಿನ ತುದಿಗೆ ಹೊಡೆದರು. ಅದು ಕದಲಲಿಲ್ಲ. ಮತ್ತೆ ಹೊಡೆದರು. ಗುಜರಿಯವನು ಗಾಡಿಗೆ ಒರಗಿ ಕಾಯುತ್ತಿದ್ದ. ಐದಾರು ಪೆಟ್ಟಿನ ನಂತರ ಮಾವ ಸುತ್ತಿಗೆಯನ್ನು ಕೆಳಗಿಟ್ಟು ಮೆಟ್ಟಿಲ ಮೇಲೆ ಕುಳಿತರು.

"ಚೆನ್ನಾಗ್ ಕೂರ್ಸಿದ್ದಾನೆ ಬಡ್ಡಿಮಗ" ಎಂದರು, ಯಾರಿಗೂ ಅಲ್ಲದಂತೆ. ಆಮೇಲೆ ಗುಜರಿಯವನಿಗೆ ಹೋಗುವಂತೆ ಕೈ ಮಾಡಿದರು.

ನಾನು ನಟ್ಟನ್ನು ಹಾಕಿ ಬಿಗಿದು ಸೈಕಲ್ಲನ್ನು ಒಳಗೆ ತಂದೆ.

ಈಗ ನಾನು ಮೆಟ್ರೋಗೆ ಅದರಲ್ಲೇ ಹೋಗುತ್ತೇನೆ. ಮಾವ ತಡೆಯುವುದಿಲ್ಲ, ಮಾತನ್ನೂ ಆಡುವುದಿಲ್ಲ. ಸೈಕಲ್ಲಿಗೆ ಹಾಕುವ ಎಣ್ಣೆಯ ಡಬ್ಬಿಯನ್ನು ತಮ್ಮ ಕೋಣೆಯಲ್ಲಿಟ್ಟು ಬೀಗ ಹಾಕಿಕೊಂಡಿದ್ದಾರೆ. ನಾನು ಬೇರೆ ಡಬ್ಬಿ ತಂದುಕೊಂಡಿದ್ದೇನೆ.