ಎತ್ತಿದ ಮೊಣಕಾಲು

ನಾನು ಒಂಬತ್ತು ವರ್ಷ ಒಂದು ಕಾರ್ಖಾನೆಯ ಫುಟ್‌ಬಾಲ್ ತಂಡಕ್ಕೆ ಗೋಲ್‌ಕೀಪರ್ ಆಗಿದ್ದೆ. ಹೆಸರಿಗೆ ಸ್ಟೋರ್ಸ್ ಗುಮಾಸ್ತ. ಬೆಳಿಗ್ಗೆ ಹಾಜರಿ ಹಾಕಿ ಮಧ್ಯಾಹ್ನ ಮೈದಾನಕ್ಕೆ ಹೋಗುವುದೇ ನಿಜವಾದ ಉದ್ಯೋಗ. ಆಗಿನ ಬೆಂಗಳೂರಿನಲ್ಲಿ ಆಟ ಬಲ್ಲವರನ್ನು ಕಾರ್ಖಾನೆಗಳು ಹುಡುಕಿ ಕರೆದುಕೊಳ್ಳುತ್ತಿದ್ದವು.

ಆಟ ಕಲಿತದ್ದು ಜಯನಗರದಲ್ಲಿ. ಸೈಟುಗಳಿಗೆ ಕಲ್ಲು ನೆಟ್ಟಿದ್ದರು, ನಮ್ಮ ಬೀದಿಯ ಆಚೆ ಮನೆಗಳಿನ್ನೂ ಎದ್ದಿರಲಿಲ್ಲ. ಆ ಕಲ್ಲುಗಳಲ್ಲಿ ಎರಡು ನಮ್ಮ ಗೋಲ್ ಕಂಬ. ಎದುರಿನಿಂದ ಚೆಂಡು ಒದೆಯುತ್ತಿದ್ದವನು ಹತ್ತಿರದ ಇಟ್ಟಮಡು ಹಳ್ಳಿಯ ರೈತರ ಮನೆಯವನು, ನನ್ನ ವಾರಿಗೆಯವನು. ಬರಿಗಾಲಲ್ಲಿ ಓಡಿ ಬರುವಾಗ ಅವನು ಯಾವ ಕಾಲಿನಿಂದ ಒದೆಯುತ್ತಾನೆಂದು ಕೊನೆಯ ಗಳಿಗೆವರೆಗೂ ತಿಳಿಯುತ್ತಿರಲಿಲ್ಲ. ನಾನು ಪಕ್ಕಕ್ಕೆ ಬಿದ್ದು, ಅವನ ಪಾದದಿಂದ ಚೆಂಡನ್ನು ಎದೆಗೆ ಎಳೆದುಕೊಳ್ಳುತ್ತಿದ್ದೆ. ಮಂಡಿ ತರಚುತ್ತಿತ್ತು, ಅಷ್ಟೆ.

ಐವತ್ತರ ದಶಕ ಮುಗಿಯುವ ಹೊತ್ತಿಗೆ ನನ್ನ ಕೆಲಸ ಕಾಯಂ ಆಗಿತ್ತು. ಅವನು ಇನ್ನೊಂದು ಕಾರ್ಖಾನೆಗೆ ತಾತ್ಕಾಲಿಕವಾಗಿ ಸೇರಿದ್ದ. ಆ ವರ್ಷದ ಆಟ ನೋಡಿ ಕಾಯಂ ಮಾಡುತ್ತೇವೆ ಎಂದಿದ್ದರಂತೆ. ಆ ವೇಳೆಗೆ ಎಲ್ಲರ ಕಾಲಿಗೂ ಬೂಟು ಬಂದಿತ್ತು, ಆಟವೂ ಒರಟಾಗಿತ್ತು. ನಮ್ಮ ಕೋಚ್ ನನಗೆ ಹೇಳಿಕೊಟ್ಟಿದ್ದರು: "ಮುಂದೆ ಬರೋವಾಗ ಮೊಣಕಾಲು ಎತ್ಕೊಂಡು ಬಾ. ಒಂದ್ಸಲ ತಗುಲಿದ್ರೆ ಸಾಕು, ಆಮೇಲೆ ಹತ್ರ ಬರೋಕೆ ಹೆದರ್ತಾರೆ."

ನಮ್ಮ ಎರಡು ತಂಡಗಳು ಎದುರಾದ ದಿನ, ಅವನು ನಮ್ಮ ಬ್ಯಾಕ್ ಆಟಗಾರರಿಬ್ಬರನ್ನೂ ದಾಟಿ ಒಬ್ಬನೇ ಬಂದ. ಚೆಂಡು ಅವನಿಂದ ಒಂದು ಮಾರು ಮುಂದೆ ಪುಟಿಯುತ್ತಿತ್ತು. ನಾನು ಓಡಿ, ಹಾರಿ ಹಿಡಿದೆ. ಎತ್ತಿದ ಮೊಣಕಾಲು ಅವನ ಮಂಡಿಯ ಪಕ್ಕಕ್ಕೆ ಬಡಿಯಿತು. ಕೇಳಿದ ಸದ್ದು ಚೆಂಡಿನದ್ದೆಂದೇ ಮೊದಲು ಅಂದುಕೊಂಡೆ. ರೆಫರಿ ಫೌಲ್ ಕೊಡಲಿಲ್ಲ. ನಮ್ಮವರು ಸುತ್ತುವರಿದು ನನ್ನ ಬೆನ್ನು ತಟ್ಟುತ್ತಿದ್ದರು. ಅವರ ತೋಳುಗಳ ಸಂದಿನಿಂದ, ಅವನನ್ನು ಬೆಂಚಿನ ಮೇಲೆ ಹೊತ್ತುಕೊಂಡು ಹೋಗುವುದು ಕಂಡಿತು.

ನಾಲ್ಕು ತಿಂಗಳು ಪ್ಲಾಸ್ಟರ್ ಹಾಕಿದ್ದರು. ಬಿಚ್ಚಿದಾಗ ಮಂಡಿ ಮಡಚಲಿಲ್ಲ. ಕಾರ್ಖಾನೆಯವರು ಮತ್ತೆ ಕರೆಯಲಿಲ್ಲ. ಗದ್ದೆಯ ಕೆಲಸವೂ ಆಗದೆ ಅವನು ಮನೆಯ ಜಗಲಿಯಲ್ಲಿ ಕಾಲು ನೀಡಿಕೊಂಡು ಕೂತಿರುತ್ತಿದ್ದ. ನಾನು ಪ್ರತಿ ಭಾನುವಾರ ಸೈಕಲ್ಲಿನಲ್ಲಿ ಹೋಗುತ್ತಿದ್ದೆ. ಅವನ ತಾಯಿ ಮಜ್ಜಿಗೆ ಕೊಟ್ಟು ನನಗೇ ಸಮಾಧಾನ ಹೇಳುತ್ತಿದ್ದರು.

"ನೀನ್ಯಾಕಪ್ಪಾ ಮುಖ ಸಪ್ಪಗೆ ಮಾಡ್ಕಂಡಿದೀಯ? ನನ್ ಮಗನೇ ಹೇಳವ್ನೆ, ತಪ್ಪು ಅವನ್ದೇ ಅಂತ. ನೀನು ಚೆಂಡು ಹಿಡ್ಕಂಡ್ ಮ್ಯಾಲೂ ನುಗ್ಗಿದ್ನಂತೆ."

ಆ ಮಾತನ್ನು ವಾರವಾರವೂ ಕೇಳುವುದು ನನ್ನಿಂದ ಆಗಲಿಲ್ಲ. ಒಂದು ಭಾನುವಾರ ಅವರು ಒಳಗಿದ್ದಾಗ ಅವನಿಗೆ ಹೇಳಿಬಿಟ್ಟೆ.

"ನಾನು ಪಕ್ಕಕ್ಕೆ ಬೀಳಬಹುದಾಗಿತ್ತು ಕಣೋ. ಮೊದ್ಲು ಬೀಳ್ತಿದ್ನಲ್ಲ, ಹಾಗೆ. ಮೊಣಕಾಲು ಬೇಕು ಅಂತ್ಲೇ ಎತ್ತಿದ್ದು."

ಅವನು ನನ್ನ ಕಡೆ ತಿರುಗಿದ. "ಬರ್ತಿರೋದು ನಾನು ಅಂತ ಗೊತ್ತಿತ್ತಾ?"

"ಗೊತ್ತಿತ್ತು."

"ಇದನ್ನ ಹೇಳ್ದೆ ಇದ್ದಿದ್ರೆ ಚೆನ್ನಾಗಿತ್ತು," ಎಂದ. "ನನ್ ತಪ್ಪೇ ಅಂದ್ಕಂಡು ಹೆಂಗೋ ಇದ್ದೆ. ಇನ್ ಮೇಲೆ ಬರ್ಬೇಡ."

ತಾಯಿ ಮಜ್ಜಿಗೆ ತಂದರು. ಬೇಡವೆನ್ನಲಾಗದೆ ಕುಡಿದು ಎದ್ದು ಬಂದೆ. ಹೇಳಿದ್ದರಿಂದ ಹಗುರಾದೇನು ಎಂದುಕೊಂಡಿದ್ದೆ. ನನ್ನ ಭಾರ ಇಳಿಯಲಿಲ್ಲ; ಅವನ ಮೇಲೆ ಇನ್ನಷ್ಟು ಹೇರಿ ಬಂದಂತಾಯಿತು.

ಆಮೇಲೆ ನನ್ನ ಆಟ ಕೆಟ್ಟಿತು. ಎತ್ತರದ ಚೆಂಡು ಹಿಡಿಯುತ್ತಿದ್ದೆ, ದೂರದ ಹೊಡೆತಗಳನ್ನು ತಡೆಯುತ್ತಿದ್ದೆ. ಯಾರಾದರೂ ಒಬ್ಬನೇ ಓಡಿ ಬಂದರೆ ಮಾತ್ರ ಕಾಲು ಗೋಲ್ ಗೆರೆ ಬಿಟ್ಟು ಏಳುತ್ತಿರಲಿಲ್ಲ. ಒಂದು ಸೆಮಿಫೈನಲ್‌ನಲ್ಲಿ ಹಾಗೆ ಎರಡು ಗೋಲು ಬಿಟ್ಟೆ.

"ಯಾಕ್ರೀ ನಿಂತ್ಬಿಟ್ರಿ?" ಎಂದು ಮ್ಯಾನೇಜರು ಕೇಳಿದರು. ಮುಂದಿನ ವರ್ಷ ಬೇರೊಬ್ಬನನ್ನು ತಂದರು. ನಾನು ನಿಜವಾಗಿಯೂ ಸ್ಟೋರ್ಸ್ ಗುಮಾಸ್ತನಾಗಿ, ದಿನವಿಡೀ ನಟ್ಟು ಬೋಲ್ಟುಗಳನ್ನು ಎಣಿಸಿ ಕೊಡುವವನಾದೆ. ಆಗ ನನಗೆ ಮೂವತ್ತೂ ತುಂಬಿರಲಿಲ್ಲ.

ಅವನನ್ನು ಮತ್ತೆ ಕಂಡದ್ದು ಒಂದೇ ಸಲ, ಅರವತ್ತರ ದಶಕದ ಕೊನೆಯಲ್ಲಿ, ಜಯನಗರದ ಬಸ್ ಸ್ಟಾಪಿನಲ್ಲಿ. ಜೊತೆಗೆ ಹೆಂಡತಿ ಇದ್ದಳು. ನನ್ನನ್ನು ಅವಳಿಗೆ "ಹಳೇ ಪರಿಚಯ" ಎಂದಷ್ಟೇ ಹೇಳಿದ.

"ಇನ್ನೂ ಆಡ್ತಿದೀಯಾ?"

"ಇಲ್ಲ, ಬಿಟ್ಟು ಏಳೆಂಟು ವರ್ಷ ಆಯ್ತು."

ತಲೆಯಾಡಿಸಿದ. ಬಸ್ಸು ಬಂತು. ಮೆಟ್ಟಿಲು ಹತ್ತಲು ಅವನು ಆ ಕಾಲನ್ನು ಸೊಂಟದಿಂದಲೇ ಎಳೆದುಕೊಳ್ಳಬೇಕಿತ್ತು. ನಾನು ಕೈ ಚಾಚಿದೆ. "ಬ್ಯಾಡ," ಎಂದು ಹೆಂಡತಿಯ ಹೆಗಲು ಹಿಡಿದು ಹತ್ತಿದ. ನಾನು ಹೋಗಬೇಕಾಗಿದ್ದುದೂ ಅದೇ ಬಸ್ಸಿನಲ್ಲಿ. ಹತ್ತಲಿಲ್ಲ.