ತಮ್ಮನಿಗೆ ಅಡ್ಡ ನಿಂತ ಮೇಷ್ಟ್ರು

ಸಿದ್ದಪ್ಪ ಮೇಷ್ಟ್ರು ಅಮೆರಿಕದ ವಿಷಯ ಹೇಳುತ್ತಿದ್ದರೆ ಅದು ಬೇಗೂರಿನ ಬಸ್ಸು ಹತ್ತಿದರೆ ಸಿಗುವ ಊರು ಅನ್ನಿಸುತ್ತಿತ್ತು. ಗುಂಡ್ಲುಪೇಟೆಯ ಕಾಲೇಜಿನಲ್ಲಿ ನಮಗೆ ರಾಜ್ಯಶಾಸ್ತ್ರ ಕಲಿಸಿದವರು ಅವರು. ಪಾಠ ರಂಗೇರಿದರೆ ಹೆಗಲ ಟವೆಲು ತೆಗೆದು ಮೇಜಿಗೆ ಬಡಿಯುವರು.

"ಅಲ್ಲಿ ತಮ್ಮನ್ನ ಆಳ್ತಿದ್ದ ರಾಜನ್ನ ಬುಟ್ಟಾಕಿ ಒಂದೊಂದು ರಾಜ್ಯನೂ ತನ್ನ ಸಂವಿಧಾನ ಬರ್ಕೊಂಡ್ತು. ದೇವ್ರಿಗೆ ನಿಮ್ಗೆ ಬೇಕಾದಂಗೆ ಕೈ ಮುಗೀರಿ ಅಂದ್ರು. ಅಂಗೇ ಕೆಲವು ರಾಜ್ಯದೋರು, ಪಾದ್ರಿ ಮಾತ್ರ ಶಾಸನಸಭೆಗೆ ಬರಂಗಿಲ್ಲ ಅಂತ್ಲೂ ಬರೆದ್ರು. ಪೂಜೆ ಮಾಡೋನೇ ಅಧಿಕಾರಕ್ಕೆ ಬಂದ್ರೆ ಅವನ್ಗೆ ಎದುರಾಡೋರು ಯಾರ್ಲಾ?"

ಹರವೆ ಹತ್ತಿರದ ನಮ್ಮೂರೇ ಅವರದೂ. ಅವರ ತಮ್ಮ ಗುರುಸ್ವಾಮಿ ಊರ ದೇವಸ್ಥಾನದ ಪೂಜಾರಿ. ಅಪ್ಪ ತೀರಿಕೊಂಡ ಮೇಲೆ ಮೇಷ್ಟ್ರೇ ಅವನನ್ನು ಸಾಕಿ, ಮದುವೆ ಮಾಡಿದ್ದರು. ಕಳೆದ ಪಂಚಾಯಿತಿ ಚುನಾವಣೆಗೆ ಗುರುಸ್ವಾಮಿ ನಿಂತ. ಕೆಳಗಿನ ಬೀದಿಗೆ ನೀರಿನ ಪೈಪು ಹಾಕಿಸಬೇಕೆಂಬುದೊಂದೇ ಅವನ ಹಟ.

ಹಾಲಿನ ಡೈರಿ ಮುಂದೆ ಊರು ಸೇರಿದ್ದಾಗ ಮೇಷ್ಟ್ರು ಎದ್ದು ನಿಂತರು. "ಇವ್ನು ನನ್ನ ತಮ್ಮನೇ. ಆದ್ರೂ ಓಟು ಆಕ್ಬ್ಯಾಡಿ. ದೊಡ್ಡ ದೊಡ್ಡ ದೇಶದೋರೇ ಪೂಜಾರಿನ ಅಧಿಕಾರದಿಂದ ದೂರ ಮಡಗಿದ್ರು."

ಗುರುಸ್ವಾಮಿ ಕೂಗಾಡಲಿಲ್ಲ. "ಅಣ್ಣಾ, ಪೂಜೆ ಮಾಡೋನು ಈ ಊರಿನೋನಲ್ವಾ?" ಎಂದ. ಮೇಷ್ಟ್ರು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಮನೆ ಕಡೆ ಹೊರಟರು.

ಗುರುಸ್ವಾಮಿ ಸೋತ. ಆಮೇಲೆ ಅಣ್ಣನ ಮನೆಯ ಹೊಸ್ತಿಲು ತುಳಿಯಲಿಲ್ಲ. ದೇವಸ್ಥಾನದಲ್ಲಿ ಮೇಷ್ಟ್ರಿಗೂ ಎಲ್ಲರಂತೆ ತೀರ್ಥ ಕೊಡುತ್ತಿದ್ದ, ಮುಖ ನೋಡುತ್ತಿರಲಿಲ್ಲ. ವರ್ಷ ತುಂಬುವುದರೊಳಗೆ ಎದೆನೋವು ಬಂದು, ಚಾಮರಾಜನಗರದ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟ.

ತಿಥಿಯ ದಿನ ನಾನು ಹೋದಾಗ ಮೇಷ್ಟ್ರು ತಮ್ಮನ ಮನೆಯ ಜಗಲಿಯ ಮೇಲೆ ಒಬ್ಬರೇ ಕೂತಿದ್ದರು.

"ಅಮೆರಿಕದ ಆ ರಾಜ್ಯದೋರು ಆಮೇಲೆ ಆ ಕಟ್ಟಳೆನ ಕಿತ್ತಾಕುದ್ರು ಕಣಮ್ಮಿ. ಪಾದ್ರಿನೂ ಪ್ರಜೆನೇ ಅಂದ್ರು. ನಂಗೊತ್ತಿತ್ತು. ಡೈರಿ ಮುಂದೆ ಅದನ್ನ ಯೋಳ್ಲಿಲ್ಲ."

"ನೀವು ನಂಬಿದ್ದನ್ನೇ ಹೇಳಿದ್ರಿ, ಸಾರ್."

"ನಮ್ಮ ಕಾನೂನು ಅವನ್ಗೆ ಅಡ್ಡ ಬಂದಿರ್ಲಿಲ್ಲ. ನಾನು ಬಂದೆ." ಟವೆಲಿನಲ್ಲಿ ಮುಖ ಮುಚ್ಚಿಕೊಂಡರು. ಆಮೇಲೆ ಬಾಗಿಲ ಕಡೆ ನೋಡಿ, "ಒಳೀಕೆ ಬರ್ಲಾ ಅಂತ ಅವ್ಳನ್ನ ಕೇಳ್ಬುಟ್ಟು ಬಾರವ್ವ," ಎಂದರು.

ನಾನು ಒಳಗೆ ಹೋಗಿ ಗುರುಸ್ವಾಮಿಯ ಹೆಂಡತಿಯನ್ನು ಕೇಳಿದೆ. ಆಕೆ ಎಡೆ ಇಡುತ್ತಿದ್ದವಳು ತಲೆ ಎತ್ತಲಿಲ್ಲ. "ಬ್ಯಾಡ ಕಣಕ್ಕ. ಇವತ್ತು ಬ್ಯಾಡ."

ಹೊರಗೆ ಬಂದೆ. ನಾನು ಬಾಯಿ ತೆರೆಯುವ ಮೊದಲೇ ಮೇಷ್ಟ್ರು, "ಇರ್ಲಿ ಬುಡು, ಇನ್ನೊಂದಿನ ಬತ್ತೀನಿ," ಎಂದು ಎದ್ದರು.

ಎರಡು ತಿಂಗಳಿಗೆ ಅವರೂ ತೀರಿಕೊಂಡರು. ಆ ಇನ್ನೊಂದು ದಿನ ಬರಲೇ ಇಲ್ಲ.