ಎಸಿ ಫಿಲ್ಟರಿನಲ್ಲಿ ಅಪ್ಪನ ಭಂಡಾರ

ಕಾರಿನ ಎಸಿ ಗಾಳಿಯನ್ನೇ ಬಿಡುತ್ತಿರಲಿಲ್ಲ, ಗೆಳೆಯರೇ. ಸೋಲಾಪುರದ ಬಿಸಿಲಿಗೆ ರೋಸಿಹೋಗಿ ಇವತ್ತು ಮನೆಯ ಮುಂದೆಯೇ ಗ್ಲೋವ್ ಬಾಕ್ಸ್ ಕಳಚಿ, ಅದರ ಹಿಂದಿನ ಹಳೆಯ ಫಿಲ್ಟರ್ ಹೊರಗೆಳೆದೆ. ಬಿಳಿಯಿರಬೇಕಾದ ಮಡಿಕೆಗಳೆಲ್ಲ ಹಳದಿ. ಮೂಸಿದರೆ ಅರಿಶಿನದ ವಾಸನೆ.

ತೀರಿಹೋದ ನಮ್ಮಪ್ಪನ ಕೆಲಸ ಅದು. ಕಾರು ಹುಲಜಂತಿಯ ಜಾತ್ರೆಗೆ ಹೊರಟರೂ ಸರಿ, ಹಾಲು ತರಲು ಹೊರಟರೂ ಸರಿ, ಮನೆದೇವರು ಬೀರೋಬಾನ ಹೆಸರು ಹೇಳಿ ಮುಂದಿನ ಗಾಜಿನ ಬುಡಕ್ಕೆ ಭಂಡಾರ, ಅಂದರೆ ದೇವರ ಅರಿಶಿನ ಪುಡಿ, ಎರಚುತ್ತಿದ್ದರು. ಅದೆಲ್ಲ ಅಲ್ಲಿನ ಗಾಳಿಕಿಂಡಿಯಿಂದ ಒಳಗೆ ಹೋಗಿ ಫಿಲ್ಟರಿನಲ್ಲಿ ಕುಳಿತಿತ್ತು.

ಕಸದ ಬುಟ್ಟಿಗೆ ಕೊಡವಲು ಹೋದೆ. ಅವ್ವ ಕೈ ಹಿಡಿದಳು.

“ಕಚರಾದಾಗ ಒಗೀಬ್ಯಾಡ. ನಿಮ್ಮಪ್ಪನ ಕೈಯಾಗಿನ ಭಂಡಾರ ಅದ.”

ತಾನೇ ಅದನ್ನು ತುಳಸಿಯ ಬುಡದಲ್ಲಿ ಕೊಡವಿ ಬಂದಳು. ನಾನು ಹೊಸ ಫಿಲ್ಟರ್ ಕೂರಿಸಿ ಏಳುವಷ್ಟರಲ್ಲಿ, ಗಾಜಿನ ಬುಡಕ್ಕೆ ಒಂದು ಹಿಡಿ ಭಂಡಾರ ಎರಚಿಯೂ ಆಗಿತ್ತು.

“ಅವ್ವಾ, ಫಿಲ್ಟರ್ ಮತ್ತ ಕಟ್ಕೋತದ.”

“ಕಟ್ಕೊಳ್ಳಿ ಬಿಡು. ನಿಮ್ಮಪ್ಪ ಇದ್ದಾಗ ಎಸಿ ಯಾರು ಹಚ್ತಿದ್ರು? ಖಿಡಕಿ ತಗದು ಮಾತಾಡ್ಕೋತ ಹೋಗ್ತಿದ್ವಿ.”

ಸಂಜೆ ಅವ್ವನನ್ನು ನವಿ ಪೇಠಕ್ಕೆ ಕರೆದೊಯ್ದೆ. ಹೊಸ ಫಿಲ್ಟರ್ ಹೇಗಿದೆ ಎಂದು ಮಾತ್ರ ಕೇಳಬೇಡಿ. ಹೋಗುವಾಗಲೂ ಬರುವಾಗಲೂ ನಾಲ್ಕೂ ಕಿಟಕಿ ತೆರೆದೇ ಇದ್ದವು.